ಹಳೇ ಸಾಮಾನು ಎಲ್ಲಿ ಅಂತ ಕೇಳಿ

ಕಳೆದ ಮಳೆಗಾಲದ ಮಾತು. ಬೆಳಗ್ಗೆ ಆರೂವರೆ ಇರಬೇಕು. ನಾನು ಫೋನಿನಲ್ಲಿ ಮಳೆ ಸುದ್ದಿ ಟೈಪ್ ಮಾಡುತ್ತಾ ಕೂತಿದ್ದೆ. ಬಚ್ಚಲಿನಿಂದ ಅಮ್ಮನ ಕೂಗು ಕೇಳಿಸಿತು. ಓಡಿ ಹೋದರೆ ಬಲಗೈ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದಳು.

"ನಲ್ಲಿ ಮುಟ್ಟಿದ್ದೇ ತಡ, ಭುಜದ ತನಕ ಜುಂ ಅಂತು ಮಾರಾಯ" ಅಂದಳು.

ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಜಾರಿ ಬೀಳುವ ಹೆದರಿಕೆಗೆ ಚಪ್ಪಲಿ ಹಾಕಿಕೊಂಡೇ ಬಚ್ಚಲಿಗೆ ಹೋಗುವುದು ಅವಳ ಅಭ್ಯಾಸ. ಅವತ್ತು ಅವಳನ್ನು ಉಳಿಸಿದ್ದು ಆ ಚಪ್ಪಲಿಯೇ ಇರಬೇಕು.

ಆ ಗೀಸರನ್ನು ನಾಲ್ಕು ದಿನದ ಹಿಂದಷ್ಟೇ ರಿಪೇರಿ ಮಾಡಿಸಿದ್ದೆ. ಅದೂ 3,150 ರೂಪಾಯಿ ಕೊಟ್ಟು.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಈಗ ಶಿವಮೊಗ್ಗದ ವಿದ್ಯಾನಗರದಲ್ಲಿ ಬಾಡಿಗೆ ಮನೆ. ಬಿ.ಎಚ್. ರಸ್ತೆಯಲ್ಲಿ ತುಂಗಾ ಸೇತುವೆ ದಾಟಿ ಭದ್ರಾವತಿ ಕಡೆ ಹೊರಟರೆ ಸಿಗುವ ಬಡಾವಣೆ. ಊರಿನಲ್ಲಿ ಹೆಂಚು ಒಡೆದರೆ, ಪಂಪ್‌ಸೆಟ್ ನಿಂತರೆ ಯಾರನ್ನು ಕರೆಯಬೇಕು ಅನ್ನುವುದು ಪ್ರಶ್ನೆಯೇ ಆಗಿರಲಿಲ್ಲ. ಬರುವವನು ಪಕ್ಕದ ಕೇರಿಯವನು. ಕೆಲಸ ಕೆಟ್ಟರೆ ಮಾರನೇ ದಿನ ಡೇರಿ ಹತ್ತಿರ ಸಿಕ್ಕೇ ಸಿಗುತ್ತಾನೆ. ಆ ಭಯ ಅವನಿಗೂ ಇರುತ್ತಿತ್ತು, ನಮಗೂ ಅದೇ ಧೈರ್ಯ.

ಪೇಟೆಯಲ್ಲಿ ನಾನು ಮಾಡಿದ್ದೇನು? ಬಿಸಿನೀರು ನಿಂತ ದಿನ ಫೋನ್ ತೆಗೆದು ಗೀಸರ್ ರಿಪೇರಿ ಅಂತ ಹುಡುಕಿದೆ. ಮೇಲೆ ಬಂದ ಮೊದಲ ನಂಬರಿಗೆ ಕರೆ ಮಾಡಿದೆ. "ಕಂಪನಿ ಸರ್ವಿಸ್ ಸರ್, ಅರ್ಧ ಗಂಟೆಯಲ್ಲಿ ಹುಡುಗ ಬರ್ತಾನೆ" ಅಂದರು. ಬಂದವನ ಟೀ ಶರ್ಟಿನ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ. ಅದನ್ನು ನೋಡಿಯೂ ಸುಮ್ಮನಿದ್ದೆ. ಬಂದು ನೋಡಿದ್ದಕ್ಕೆ 350. ಆಮೇಲೆ "ಎಲಿಮೆಂಟೂ ಹೋಗಿದೆ, ಥರ್ಮೋಸ್ಟ್ಯಾಟೂ ಹೋಗಿದೆ, ಎರಡೂ ಸೇರಿ 2,800" ಅಂದ. ನನಗೆ ಒಂದು ಕಾರ್ಯಕ್ರಮದ ವರದಿಗೆ ಹೋಗುವ ಅವಸರ. ಹೂಂ ಅಂದೆ. ಕೆಲಸ ಮುಗಿಸಿ ಹಳೇ ಸಾಮಾನನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೊರಟ. ಬಿಲ್ ಕೇಳಿದರೆ "ವಾಟ್ಸಾಪ್ ಮಾಡ್ತೀನಿ ಸರ್" ಅಂದ. ಆ ಬಿಲ್ ಇವತ್ತಿನವರೆಗೂ ಬಂದಿಲ್ಲ.

ಅಮ್ಮನಿಗೆ ಶಾಕ್ ಹೊಡೆದ ದಿನ ಅದೇ ನಂಬರಿಗೆ ಮಾಡಿದರೆ ಸ್ವಿಚ್ ಆಫ್.

ಪಕ್ಕದ ಮನೆಯವರು ಹೇಳಿದರು: "ಭದ್ರಾವತಿಯಲ್ಲಿ ಒಬ್ಬರಿದ್ದಾರೆ, ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ರಿಟೈರ್ ಆದವರು. ಕರೆದರೆ ಬರ್ತಾರೆ. ಆದರೆ ಅವರು ಹೇಳಿದ ದಿನವೇ ಬರೋದು."

ಭದ್ರಾವತಿ ಅಂದರೆ ನಮ್ಮ ಜಿಲ್ಲೆಯವರಿಗೆ ಎರಡು ಕಾರ್ಖಾನೆ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಹುಟ್ಟಿದ ಕಾಗದ ಕಾರ್ಖಾನೆ. ಫಿಟ್ಟರ್, ವೆಲ್ಡರ್, ಟರ್ನರ್, ಎಲೆಕ್ಟ್ರಿಷಿಯನ್ ಅಂತ ಎಷ್ಟೋ ಸಾವಿರ ಕೈಗಳು ಅಲ್ಲಿ ಪಳಗಿದವು. ಕಾಗದ ಕಾರ್ಖಾನೆಯ ಯಂತ್ರ ನಿಂತು ವರ್ಷಗಳೇ ಆದವು. ಕಬ್ಬಿಣದ ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತಿದ್ದರು. ನಾನೂ ಹೋಗಿ ಸುದ್ದಿ ಕಳಿಸಿದ್ದೆ. ಎಷ್ಟು ಜನರ ಕೆಲಸ ಹೋಗುತ್ತದೆ ಅಂತ ಬರೆದಿದ್ದೆ. ಅವರ ಕೈಯಲ್ಲಿದ್ದ ವಿದ್ಯೆ ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಬರೆದಿರಲಿಲ್ಲ.

ಆ ಹಿರಿಯರು ಮರುದಿನ ಬಸ್ಸಿನಲ್ಲಿ ಬಂದರು. ಒಂದು ರೆಕ್ಸಿನ್ ಚೀಲ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್. ಮೊದಲು ಮೇನ್ ಸ್ವಿಚ್ ಆಫ್ ಮಾಡಿದರು. ಗೀಸರಿನ ಪ್ಲಗ್ ಕಿತ್ತು, ಕೆಳಗಿನ ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿದರು. ಆಮೇಲೆ ನನ್ನನ್ನು ಕರೆದರು. "ಬನ್ನಿ ಸರ್, ನೀವೂ ನೋಡಿ."

ಹಸಿರು ವೈರು ಯಾವುದಕ್ಕೂ ಸೇರದೆ ಗಾಳಿಯಲ್ಲಿ ನೇತಾಡುತ್ತಿತ್ತು. ಎಲಿಮೆಂಟಿಗೆ ಹೋಗುವ ಇನ್ನೊಂದು ವೈರಿನ ಸಿಪ್ಪೆ ಮುಚ್ಚಳದ ಅಂಚಿಗೆ ಸಿಕ್ಕಿ ಸುಲಿದಿತ್ತು.

"ಈ ಹಸಿರು ಅರ್ತ್ ವೈರು. ಎಲ್ಲಾದರೂ ಕರೆಂಟು ಬಾಡಿಗೆ ತಗುಲಿದರೆ ಇದರ ಮೂಲಕ ನೆಲಕ್ಕೆ ಹೋಗ್ಬೇಕು, ಫ್ಯೂಸ್ ಹಾರ್ಬೇಕು. ಬಿಚ್ಚಿದವನು ವಾಪಸ್ ಸ್ಕ್ರೂ ಹಾಕಿಲ್ಲ. ದಾರಿ ಇಲ್ಲದ ಕರೆಂಟು ನಿಮ್ಮ ಅಮ್ಮನ ಕೈ ಹುಡುಕಿಕೊಂಡು ಬಂದಿದೆ" ಅಂದರು.

ಥರ್ಮೋಸ್ಟ್ಯಾಟ್ ತೋರಿಸಿದರು. ಮೇಲೆಲ್ಲ ತುಕ್ಕು, ವರ್ಷಗಟ್ಟಲೆ ಕೂತ ಧೂಳು. ಅದನ್ನು ಬದಲಿಸಿಯೇ ಇರಲಿಲ್ಲ. ದುಡ್ಡು ಮಾತ್ರ ತೆಗೆದುಕೊಂಡಿದ್ದ.

ಇಷ್ಟಕ್ಕೇ ನಿಲ್ಲಿಸಲಿಲ್ಲ. ಪ್ಲಗ್ಗಿನ ಮೂರನೇ ದಪ್ಪ ಪಿನ್ನು, ಗೋಡೆಯ ಸಾಕೆಟ್, ಮನೆ ಹಿಂದಿನ ಅರ್ತ್ ಗುಂಡಿ ಎಲ್ಲ ನೋಡಿದರು. ಬೋರ್ಡಿನಲ್ಲಿದ್ದ ಎಂಸಿಬಿ ತೋರಿಸಿ, "ಇದು ವೈರು ಸುಡೋದನ್ನ ತಪ್ಪಿಸುತ್ತೆ, ಮನುಷ್ಯನ್ನ ಉಳಿಸಲ್ಲ. ಅದಕ್ಕೆ ಆರ್‌ಸಿಸಿಬಿ ಅಂತ ಬೇರೆ ಬರುತ್ತೆ. 30 ಮಿಲಿ ಆಂಪಿಯರಿನದ್ದು ಹಾಕಿಸಿ. ಅಂಗಡಿಗೆ ನೀವೇ ಹೋಗಿ, ಬಿಲ್ ನಿಮ್ಮ ಹೆಸರಿಗೇ ಬರಲಿ" ಅಂದರು.

ಎರಡು ಗಂಟೆ ಕೆಲಸ. ಕೂಲಿ ಎಷ್ಟು ಅಂದೆ. ಬಸ್ ಚಾರ್ಜ್ ಸೇರಿ 500 ಅಂದರು.

ನನ್ನ ಬಾಯಿಂದ ತಾನಾಗಿ ಬಂತು: "ನಾನೂರು ಮಾಡಿ ಯಜಮಾನ್ರೇ."

ಅವರು ಸಿಟ್ಟಾಗಲಿಲ್ಲ. ಸ್ಕ್ರೂಡ್ರೈವರ್ ಒರೆಸಿ ಚೀಲಕ್ಕೆ ಹಾಕುತ್ತಾ ಕೇಳಿದರು. "ಅವನ ಹತ್ರನೂ ಚೌಕಾಶಿ ಮಾಡಿದ್ರಾ ಸರ್?"

ಮಾಡಿರಲಿಲ್ಲ. ಕಂಪನಿ ಅಂದವನಿಗೆ ಕೇಳಿದಷ್ಟು ಕೊಟ್ಟು, ಬಸ್ಸಿನಲ್ಲಿ ಬಂದವರ ಹತ್ತಿರ ನೂರು ರೂಪಾಯಿಗೆ ಬಾಯಿ ತೆಗೆದಿದ್ದೆ. 500 ಕೊಟ್ಟೆ. ಅಮ್ಮ ಕಾಫಿ ಕೊಟ್ಟಳು.

ಇಲ್ಲಿಯವರೆಗಿನ ಕಥೆಯಲ್ಲಿ ತಪ್ಪೆಲ್ಲ ಆ ಟೀ ಶರ್ಟ್ ಹುಡುಗನದ್ದೇ ಅನ್ನಿಸಬಹುದು. ಒಂದು ಮಾತು ಮುಚ್ಚಿಟ್ಟಿದ್ದೆ, ಈಗ ಹೇಳುತ್ತೇನೆ.

ನಮ್ಮ ಬೀದಿಯ ತುದಿಯಲ್ಲೇ ಐಟಿಐ ಓದಿದ ಒಬ್ಬ ಹುಡುಗ ಇದ್ದಾನೆ. ಪ್ಲಂಬಿಂಗೂ ಗೊತ್ತು, ಕರೆಂಟಿನ ಕೆಲಸವೂ ಗೊತ್ತು. ಮೊದಲು ನಮ್ಮ ಮನೆಗೆ ಅವನೇ ಬರುತ್ತಿದ್ದ. ಯುಗಾದಿ ಹೊತ್ತಿಗೆ ಟ್ಯಾಂಕಿನ ಪೈಪ್ ಸರಿ ಮಾಡಿದ್ದಕ್ಕೆ 450 ರೂಪಾಯಿ ಕೊಡಬೇಕಿತ್ತು. "ಮುಂದಿನ ವಾರ" ಅಂದೆ. ಆಮೇಲೆ "ತಿಂಗಳ ಕೊನೆಗೆ" ಅಂದೆ. ಆಮೇಲೆ ಮರೆತೆ. ಗೀಸರ್ ಕೆಟ್ಟ ದಿನ ಮೊದಲು ಕರೆ ಮಾಡಿದ್ದು ಅವನಿಗೇ. ಅವನು ಎತ್ತಲಿಲ್ಲ. ಅದಕ್ಕೇ ಫೋನಿನಲ್ಲಿ ಹುಡುಕಿದ್ದು.

ನನ್ನ ಸಂಬಳ ಅನ್ನುವುದೂ ಸುದ್ದಿ ಲೆಕ್ಕದ್ದು. ಇಷ್ಟು ಸುದ್ದಿಗೆ ಇಷ್ಟು, ಅದೂ ಎರಡು ತಿಂಗಳು ತಡವಾಗಿ. ಕೇಳಿದರೆ "ಮುಂದಿನ ವಾರ" ಅನ್ನುವ ಉತ್ತರ ನನಗೆ ಬಾಯಿಪಾಠ. ಅದೇ ಉತ್ತರವನ್ನು ನಾನು ಆ ಹುಡುಗನಿಗೆ ಕೊಟ್ಟಿದ್ದೆ.

ಆ ಸಂಜೆ 450 ಹಿಡಿದುಕೊಂಡು ಅವನ ಮನೆಗೆ ಹೋದೆ. "ಅಣ್ಣ, ನೀವು ಪೇಪರಿನವರು, ಪದೇ ಪದೇ ಕೇಳೋಕೆ ಆಗ್ಲಿಲ್ಲ. ಕರೆದರೆ ಇನ್ನೊಂದು ಕೆಲಸ ಸಾಲಕ್ಕೆ ಹೋಗುತ್ತೆ ಅಂತ ಎತ್ಲಿಲ್ಲ" ಅಂದ. ತಲೆ ತಗ್ಗಿಸಿ ಬಂದೆ.

ನಂಬಿಕೆಯ ಕೆಲಸಗಾರ ಸಿಗುವುದಿಲ್ಲ ಅಂತ ಎಲ್ಲರೂ ಹೇಳುತ್ತೇವೆ. ಸಿಕ್ಕವರನ್ನು ನಾವು ಹೇಗೆ ಕಳೆದುಕೊಳ್ಳುತ್ತೇವೆ ಅನ್ನುವುದನ್ನು ಹೇಳುವುದಿಲ್ಲ.

ಈಗ ನಾನು ಪಾಲಿಸುವ ನಾಲ್ಕು ಮಾತು ಬರೆಯುತ್ತೇನೆ. ಹಳ್ಳಿಯಲ್ಲಿರುವ ನಿಮಗೂ ಉಪಯೋಗಕ್ಕೆ ಬರಬಹುದು.

ಒಂದು, ಕಂಪನಿಯ ನಂಬರ್ ಬೇಕಿದ್ದರೆ ವಾರಂಟಿ ಕಾರ್ಡಿನಲ್ಲಿ ಅಥವಾ ಸಾಮಾನಿನ ಮೇಲಿನ ಸ್ಟಿಕ್ಕರಿನಲ್ಲಿ ನೋಡಿ. ಹುಡುಕಿದಾಗ ಮೇಲೆ ಬಂದ ನಂಬರನ್ನು ನಂಬಬೇಡಿ. ಕರೆ ಮಾಡಿದಾಗ ಒಟಿಪಿ ಕೇಳಿದರೆ, ಯಾವುದೋ ಆ್ಯಪ್ ಹಾಕಿಕೊಳ್ಳಿ ಅಂದರೆ ಅದು ರಿಪೇರಿಯವರಲ್ಲ, ಕಳ್ಳರು. ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಎರಡು, ಕೆಲಸ ಶುರು ಮಾಡುವ ಮೊದಲು ಏನು ಕೆಟ್ಟಿದೆ ಅಂತ ತೋರಿಸಿ ಅನ್ನಿ. ಸಾಮಾನಿಗೆ ಎಷ್ಟು, ಕೂಲಿ ಎಷ್ಟು, ಬೇರೆ ಬೇರೆ ಕೇಳಿ. ಬದಲಿಸಿದ ಹಳೇ ಸಾಮಾನು ನಿಮ್ಮ ಮನೆಯಲ್ಲೇ ಇರಲಿ. ಪಂಪ್‌ಸೆಟ್ಟಿನ ಕಾಯಿಲ್ ಸುತ್ತಿಸುವಾಗಲೂ ಅಷ್ಟೇ. ಹಾಕುವುದು ತಾಮ್ರವೋ ಅಲ್ಯೂಮಿನಿಯಮ್ಮೋ ಕೇಳಿ. ಸುಟ್ಟ ಹಳೇ ತಾಮ್ರಕ್ಕೂ ಬೆಲೆ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಮೂರು, ಚೀಟಿಯಲ್ಲಾದರೂ ಸರಿ, ಬಿಲ್ ಬರೆಸಿಕೊಳ್ಳಿ. ದುಡ್ಡು ಕೊಟ್ಟು ಮಾಡಿಸಿದ ಕೆಲಸ ಕೆಟ್ಟರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಬಹುದು. 1915 ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ಹೋಗಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಕೈಯಲ್ಲಿ ಕಾಗದ ಇದ್ದರೆ ದೂರಿಗೆ ಬಲ. ನನ್ನ ಕೈಯಲ್ಲಿ ಇರಲಿಲ್ಲ, ಆ 3,150 ಹೋಯಿತು.

ನಾಲ್ಕು, ಕೆಲಸ ಸರಿಯಾಗಿದ್ದರೆ ಅವತ್ತೇ ದುಡ್ಡು ಕೊಡಿ. ಒಳ್ಳೆಯ ಕೆಲಸಗಾರನ ನಂಬರನ್ನು ನಾಲ್ಕು ಜನಕ್ಕೆ ಹೇಳಿ.

ಮೊನ್ನೆ ಅಡುಗೆಮನೆಯ ಸಿಂಕ್ ಕಟ್ಟಿಕೊಂಡಿತ್ತು. ಬೀದಿ ತುದಿಯ ಹುಡುಗನಿಗೆ ಕರೆ ಮಾಡಿದೆ. ಎರಡನೇ ರಿಂಗಿಗೆ ಎತ್ತಿದ. ಕೆಲಸ ಮುಗಿದ ಮೇಲೆ ಅಮ್ಮ ಹೋಗಿ ಅವನ ಮುಂದೆ ನಿಂತಳು.

"ಹಳೇ ವಾಷರ್ ಎಲ್ಲಿ ಮಗಾ? ಇಲ್ಲಿ ಕೊಡು."

ಅವನು ನಕ್ಕು ಕೊಟ್ಟ. ಆ ವಾಷರ್ ಈಗಲೂ ಕಿಟಕಿಯ ಮೇಲಿದೆ. ಗೀಸರ್ ಸರಿಯಾಗಿದ್ದರೂ ಅಮ್ಮ ಬಚ್ಚಲಿಗೆ ಹೋಗುವಾಗ ಚಪ್ಪಲಿ ಮಾತ್ರ ಬಿಟ್ಟಿಲ್ಲ.