ಹಿಂದಿರುಗದ ಎರವಲು

ನಿವೃತ್ತರು ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಪ್ರಮಾಣಪತ್ರ ಸಲ್ಲಿಸಬೇಕಾದ ತಿಂಗಳು ನವೆಂಬರ್. ಕೆಲವು ವರ್ಷಗಳ ಹಿಂದೆ ದೆಹಲಿಯ ನನ್ನ ಕಚೇರಿಯಲ್ಲಿ, ಅಂಥ ದಾಖಲೆಗಳನ್ನು ಸ್ವೀಕರಿಸುವ ಜಾಲತಾಣ ಅದೇ ತಿಂಗಳಲ್ಲಿ ದಿನವೂ ಕುಸಿಯತೊಡಗಿತು. ಬೆಳಿಗ್ಗೆ ಸರಾಗ, ಮಧ್ಯಾಹ್ನದ ಹೊತ್ತಿಗೆ ಸ್ತಬ್ಧ. ಸರ್ವರನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಕೆಲವು ತಾಸು ಮಾತ್ರ ಜೀವ. ಮೂರನೆಯ ದಿನವೂ ಊರುಗೋಲೂರಿ ಬಂದ ಹಿರಿಯರೊಬ್ಬರು, "ಇಂದೂ ಆಗುವುದಿಲ್ಲವೇ?" ಎಂದಷ್ಟೇ ಕೇಳಿ ಹಿಂದಿರುಗಿದರು.

ಅಂದು ಸಂಜೆ ಕಡತದಲ್ಲಿ ಟಿಪ್ಪಣಿ ಬರೆದೆ: ಗುತ್ತಿಗೆಯ ಮೇಲೆ ಬಂದಿರುವ ತರುಣ ಪ್ರೋಗ್ರಾಮರ್ ಅದಕ್ಷ, ಆತನನ್ನು ಬದಲಿಸಬೇಕು. ಇಂಗ್ಲಿಷ್ ಎಂ.ಎ. ಓದಿದವನಿಗೆ ವಾಕ್ಯ ಹೆಣೆಯುವುದು ಕಷ್ಟವಲ್ಲ. ಕಾರಣ ತಿಳಿಯದೆಯೂ ಹೆಣೆಯಬಹುದು.

ಮರುದಿನ ಆತನೇ ವಿವರಿಸಿದ. ನಮ್ಮ ಸರ್ವರ್ ಏಕಕಾಲಕ್ಕೆ 200 ಥ್ರೆಡ್‌ಗಳಲ್ಲಿ, ಎಂದರೆ 200 ಎಳೆಗಳಲ್ಲಿ, ಜನರ ಕೋರಿಕೆಗಳನ್ನು ನಡೆಸಬಲ್ಲದು. ಆದರೆ ಡೇಟಾಬೇಸಿನ ಒಂದೇ ಸಂಪರ್ಕವನ್ನು ಎಲ್ಲ ಎಳೆಗಳೂ ಒಟ್ಟಿಗೆ ಬಳಸುವಂತಿಲ್ಲ. ಒಬ್ಬರ ಕೆಲಸದ ನಡುವೆ ಇನ್ನೊಬ್ಬರದು ನುಸುಳಿ ಎರಡೂ ಕೆಡುತ್ತವೆ. ಆದ್ದರಿಂದ 10 ಸಂಪರ್ಕಗಳ ಒಂದು ಪೂಲ್. ಪ್ರತಿ ಎಳೆಯೂ ಅಲ್ಲಿಂದ ಒಂದನ್ನು ಎರವಲು ಪಡೆದು, ಕ್ಷಣದಲ್ಲಿ ಕೆಲಸ ಮುಗಿಸಿ ಹಿಂದಿರುಗಿಸಬೇಕು. ಹತ್ತೂ ಹೊರಗಿದ್ದರೆ ಹನ್ನೊಂದನೆಯವರು 30 ಸೆಕೆಂಡು ಕಾದು ದೋಷಸಂದೇಶ ಪಡೆಯುತ್ತಾರೆ.

ನನಗೆ ನೆನಪಾದದ್ದು ನಮ್ಮೂರ ದೇವಸ್ಥಾನದ ಕೊಪ್ಪರಿಗೆಗಳು. ಮದುವೆಯ ಮನೆಗಳಿಗೆಲ್ಲ ಅವೇ ಹೋಗಿ, ಬೆಳಗಿಸಿಕೊಂಡು ಮರಳುತ್ತಿದ್ದವು. "ಹಾಗಾದರೆ 10ರ ಬದಲು 50 ಇಡಬಾರದೇ?" ಎಂದೆ.

"ಸರ್, ಮಧ್ಯಾಹ್ನ ಬೀಳುವುದು ನಾಳೆ ಬೀಳುತ್ತದೆ, ಅಷ್ಟೇ. ಡೇಟಾಬೇಸ್ ತಾನಾಗಿ ಒಪ್ಪುವುದೇ 151. ಎಷ್ಟಿವೆ ಎನ್ನುವುದಲ್ಲ, ಯಾವುದು ಹಿಂದಿರುಗುತ್ತಿಲ್ಲ ಎನ್ನುವುದು ಪ್ರಶ್ನೆ."

ಎರವಲು ಒಯ್ದ ಸಂಪರ್ಕ ಒಂದು ನಿಮಿಷ ಕಳೆದರೂ ಮರಳದಿದ್ದರೆ, ಅದನ್ನು ಪಡೆದ ಜಾಗವನ್ನು ಲಾಗ್‌ನಲ್ಲಿ ಬರೆದಿಡುವ ಎಚ್ಚರಿಕೆಯ ವ್ಯವಸ್ಥೆ ಆ ಪೂಲ್‌ನಲ್ಲಿಯೇ ಇದೆ. ಮೊದಲಿಗೆ ಅದು ನಿಷ್ಕ್ರಿಯವಾಗಿರುತ್ತದೆ. ಆತ ಅದನ್ನು ಚಾಲೂ ಮಾಡಿದ. ಮಧ್ಯಾಹ್ನದೊಳಗೆ ಹತ್ತು ಎಚ್ಚರಿಕೆಗಳು, ಹತ್ತೂ ಒಂದೇ ಕಡೆಗೆ ಬೆರಳು ತೋರಿದವು. ಅರ್ಜಿಯ ಹೆಸರು ದಾಖಲೆಯ ಹೆಸರಿಗೆ ಹೊಂದದಿದ್ದರೆ ಅಲ್ಲಿಯೇ ತಡೆಯುವ ಪರಿಶೀಲನೆ ಅದು. ಹೆಸರು ಹೊಂದಿದರೆ ಸಂಪರ್ಕ ಹಿಂದಿರುಗುತ್ತಿತ್ತು. ಹೊಂದದಿದ್ದರೆ ಪ್ರೋಗ್ರಾಂ ನಡುವೆಯೇ ಹೊರಬೀಳುತ್ತಿತ್ತು, ಹಿಂದಿರುಗಿಸುವ ಸಾಲಿಗೆ ತಲುಪುತ್ತಲೇ ಇರಲಿಲ್ಲ. ಹೀಗೆ ಹತ್ತು ಜನರ ಹೆಸರು ತಪ್ಪಿದರೆ ಸಾಕು, ಉಳಿದವರೆಲ್ಲರಿಗೂ ಬಾಗಿಲು ಮುಚ್ಚಿದಂತೆ.

ಮದುವೆ ಮುರಿದ ಮನೆಯವರೂ ಕೊಪ್ಪರಿಗೆಯನ್ನು ಹಿಂದಿರುಗಿಸಲೇಬೇಕು. ಪ್ರೋಗ್ರಾಮಿನ ಭಾಷೆಯಲ್ಲಿ ಅದಕ್ಕೆಂದೇ 'ಫೈನಲಿ' ಎಂಬ ಭಾಗವಿದೆ. ಕೆಲಸ ಗೆದ್ದರೂ ಸೋತರೂ ಅದು ನಡೆಯುತ್ತದೆ. ಹಿಂದಿರುಗಿಸುವ ಸಾಲನ್ನು ಆತ ಅಲ್ಲಿಗೆ ಸರಿಸಿದ. ಅಂದಿನಿಂದ ಜಾಲತಾಣ ಕುಸಿಯಲಿಲ್ಲ.

ಆ ಪರಿಶೀಲನೆ ಬೇಕೆಂದು ಅಕ್ಟೋಬರಿನ ಕೊನೆಯಲ್ಲಿ ಹಟ ಹಿಡಿದವನು ನಾನೇ. "ನಾಳೆ ಬೆಳಿಗ್ಗೆಯೊಳಗೆ ಆಗಬೇಕು" ಎಂದಿದ್ದೆ. ಆತ ರಾತ್ರಿ ಕುಳಿತು ಬರೆದಿದ್ದ, ಪರೀಕ್ಷಿಸಲು ಸಮಯ ಕೊಟ್ಟಿರಲಿಲ್ಲ. ಆತ ಈ ಮಾತನ್ನು ಎತ್ತಲಿಲ್ಲ. ಲಾಗ್ ತೋರಿಸಿದ ಜಾಗ ನೋಡಿದಾಗ ನನಗೇ ಹೊಳೆಯಿತು.

ನಮ್ಮ ಕಡತದಲ್ಲಿ ಒಮ್ಮೆ ಕಳುಹಿಸಿದ ಟಿಪ್ಪಣಿಯನ್ನು ಅಳಿಸಲು ಬರುವುದಿಲ್ಲ. ಅದರ ಕೆಳಗೆ ಇನ್ನೊಂದನ್ನು ಬರೆಯಬಹುದಷ್ಟೇ. ಬರೆದೆ: ಅವಸರ ನನ್ನದು, ದೋಷ ಹುಡುಕಿದವನು ಈತ. ಆತನ ಗುತ್ತಿಗೆ ಮುಂದುವರಿಯಿತು. ಮೊದಲ ಟಿಪ್ಪಣಿ ಮಾತ್ರ ಇಂದಿಗೂ ನನ್ನ ಸಹಿಯೊಡನೆ ಅಲ್ಲಿಯೇ ಇದೆ.