ನೆಲದಡಿಯ ಆರು ರಾತ್ರಿ

2022ರ ಫೆಬ್ರವರಿ 24. ಬೆಳಗಿನ ಜಾವ ಐದರ ಹೊತ್ತಿಗೆ ಕಿಟಕಿ ಅದುರಿ ಎಚ್ಚರವಾಯಿತು. ಗುಡುಗು ಅಂದುಕೊಂಡೆ. ಆ ಚಳಿಯಲ್ಲಿ ಅಲ್ಲಿ ಗುಡುಗುವುದಿಲ್ಲ ಅನ್ನುವುದು ಆಮೇಲೆ ನೆನಪಾಯಿತು. ಇನ್ನೊಂದು ಸದ್ದು ಬಂತು. ಕೆಳಗೆ ನಿಲ್ಲಿಸಿದ್ದ ಕಾರುಗಳ ಅಲಾರಂ ಒಂದರ ಹಿಂದೊಂದು ಕೂಗಿಕೊಂಡವು. ನಾವು ಮೂವರು ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತ ಹಾಸಿಗೆಯ ಮೇಲೇ ಕೂತಿದ್ದೆವು.

ನಮ್ಮೂರು ಚಳ್ಳಕೆರೆಯಲ್ಲಿ ಆಗ ಎಂಟೂವರೆ. ಅಪ್ಪನಿಗೆ ಫೋನ್ ಮಾಡಿದೆ. "ರಷ್ಯಾದೋರು ದಾಳಿ ಮಾಡವ್ರೆ ಅಂತ ಟಿವೀಲಿ ಬರ್ತಾ ಐತೆ. ನೀನೆಲ್ಲಿದೀಯಪ್ಪ?" ಅಂದರು. ರೂಮಲ್ಲೇ ಇದೀನಿ ಅಂದೆ. ಆಮೇಲೆ ಇಬ್ಬರಿಗೂ ಮಾತು ಬರಲಿಲ್ಲ.

ನಾನು ಉಕ್ರೇನಿನ ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದೆ. ನಮ್ಮ ಕಡೆ ಖಾಸಗಿ ಸೀಟಿಗೆ ಕೇಳುವ ದುಡ್ಡು ಅಪ್ಪನ ಕೈಗೆ ಎಟುಕುತ್ತಿರಲಿಲ್ಲ. ಎರಡು ಎಕರೆ ಮಾರಿ, ಬ್ಯಾಂಕಿನಲ್ಲಿ ಸಾಲ ಮಾಡಿ ಕಳಿಸಿದ್ದರು. ಆ ದೇಶದ ಬಗ್ಗೆ ನನಗೆ ಗೊತ್ತಿದ್ದದ್ದು ಫೀಸು, ಚಳಿ ಮತ್ತು ಒಂದಿಷ್ಟು ರಷ್ಯನ್. ಖಾರ್ಕಿವ್‌ನ ರೋಗಿಗಳು ಹೆಚ್ಚಾಗಿ ರಷ್ಯನ್ ಆಡುತ್ತಿದ್ದರು, ಅದಕ್ಕೆ ಕಲಿತಿದ್ದೆ.

ಆವತ್ತು ಬೆಳಕು ಹರಿಯುವ ಮುಂಚೆ ಬಾಗಿಲು ಬಡಿದವರು ಕೆಳಮನೆಯ ಅಜ್ಜಿ. ನಾವು ಅವರನ್ನು ಬಾಬುಷ್ಕಾ ಅನ್ನುತ್ತಿದ್ದೆವು. ಎಂಬತ್ತರ ಹತ್ತಿರದ ವಯಸ್ಸು, ಒಂಟಿ. "ಪಾಸ್‌ಪೋರ್ಟ್, ನೀರು, ಕಂಬಳಿ. ಬೇರೇನೂ ಬೇಡ" ಅಂದರು. ಅವರ ಹಿಂದೆಯೇ ಮೆಟ್ರೋ ನಿಲ್ದಾಣಕ್ಕೆ ಓಡಿದೆವು. ಆ ನಿಲ್ದಾಣದ ಹೆಸರು 'ಆಗಸ್ಟ್ 23'. 1943ರಲ್ಲಿ ಜರ್ಮನರ ಕೈಯಿಂದ ನಗರ ಬಿಡುಗಡೆಯಾದ ದಿನ ಅದು. ಮೂರು ವರ್ಷ ದಿನಾ ಆ ಫಲಕದ ಕೆಳಗೆ ಓಡಾಡಿದ್ದೆ. ಯಾಕೆ ಆ ಹೆಸರು ಅಂತ ಒಮ್ಮೆಯೂ ಯಾರನ್ನೂ ಕೇಳಿರಲಿಲ್ಲ.

ಪ್ಲಾಟ್‌ಫಾರಂ ತುಂಬ ಜನ. ನಿಂತ ರೈಲಿನ ಬೋಗಿಗಳಲ್ಲಿ ಮಕ್ಕಳು, ಬಾಣಂತಿಯರು. ನಾವು ಕಲ್ಲಿನ ನೆಲದ ಮೇಲೆ ರಟ್ಟು ಹಾಸಿಕೊಂಡು ಮಲಗಿದೆವು. ಥಂಡಿ ಬೆನ್ನಿನಿಂದ ಏರುತ್ತಿತ್ತು. ಪಾಯಿಖಾನೆಗೆ ಒಂದು ಗಂಟೆ ಸಾಲು. ಎರಡನೇ ದಿನದಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆವು. ಬ್ರೆಡ್ಡು, ಬಿಸ್ಕತ್ತು, ನೂಡಲ್ಸನ್ನು ಹಸಿಯಾಗಿಯೇ ತಿಂದೆವು. ಸಂಜೆಯಿಂದ ಬೆಳಗಿನವರೆಗೆ ಕರ್ಫ್ಯೂ. ಅದು ತೆರೆದ ಮೇಲೆ ಯಾರಾದರೂ ಒಬ್ಬರು ಮೇಲೆ ಹೋಗಿ ನೀರು ತರಬೇಕು.

ಮೂರನೇ ದಿನ ನನ್ನ ಸರದಿ. ಹೊಟ್ಟೆನೋವು ಅಂತ ಸುಳ್ಳು ಹೇಳಿದೆ. ನನ್ನ ಬದಲು ರೂಮ್‌ಮೇಟ್ ಹೋದ. ಅವನು ಬರಲು ನಲವತ್ತು ನಿಮಿಷ ಹಿಡಿಯಿತು. ಆ ನಲವತ್ತು ನಿಮಿಷ ನಾನು ಮೆಟ್ಟಿಲು ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಮರುದಿನದಿಂದ ನಾನೇ ಹೋದೆ. ಅವನಿಗೆ ನಿಜ ಹೇಳಿದ್ದು ಊರಿಗೆ ಬಂದ ಮೇಲೆ.

ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅಜ್ಜಿಗೂ ಬರುತ್ತಿರಲಿಲ್ಲ. ಅವರು ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ನನಗೆ ಅರ್ಥವಾಗಲೆಂದು ಪಾಠ ಹೇಳಿದಂತೆ ನಿಧಾನವಾಗಿ ಮಾತಾಡುತ್ತಿದ್ದರು. 1991ರ ಡಿಸೆಂಬರ್ 1ರಂದು ಸ್ವಾತಂತ್ರ್ಯ ಬೇಕೋ ಬೇಡವೋ ಎಂದು ಜನಮತ ಕೇಳಿದಾಗ ಬೇಕು ಅಂತ ಮತ ಹಾಕಿದ್ದರಂತೆ. ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಹಾಗೇ ಮತ ಹಾಕಿದ್ದರು. ರಷ್ಯಾ ಗಡಿಗೆ ಅಂಟಿಕೊಂಡ ಖಾರ್ಕಿವ್ ಪ್ರಾಂತ್ಯದಲ್ಲೂ ನೂರಕ್ಕೆ 86. ಬದುಕು ಹಸನಾಗುತ್ತದೆ ಅಂದುಕೊಂಡಿದ್ದರು. 1993ರಲ್ಲಿ ಒಂದೇ ವರ್ಷದೊಳಗೆ ಬೆಲೆ ನೂರು ಪಟ್ಟು ಏರಿತು. ಮಗಳ ಮದುವೆಗೆಂದು ಕೂಡಿಟ್ಟಿದ್ದ ಹಣಕ್ಕೆ ಒಂದು ಜೊತೆ ಬೂಟು ಬಂತು. ಕಾರ್ಖಾನೆ ತಿಂಗಳುಗಟ್ಟಲೆ ಸಂಬಳ ಕೊಡಲಿಲ್ಲ. 1996ರಲ್ಲಿ ಹೊಸ ಕರೆನ್ಸಿ ಹ್ರಿವ್ನಿಯಾ ಬಂದಾಗ ಹಳೆಯ ದುಡ್ಡಿನಲ್ಲಿ ಒಂದು ಲಕ್ಷ ಕೊಟ್ಟರೆ ಒಂದು ಹೊಸತು. "ಆವತ್ತು ನಾನು ಲಕ್ಷಗಟ್ಟಲೆ ಎಣಿಸಿ ಕೊಟ್ಟೆ. ಕೈಗೆ ಬಂದದ್ದು ಒಂದು ವಾರದ ಬ್ರೆಡ್ಡಿನ ದುಡ್ಡು" ಅಂದರು.

2014ರ ಏಪ್ರಿಲ್‌ನಲ್ಲಿ ರಷ್ಯಾ ಪರ ಗುಂಪು ಖಾರ್ಕಿವ್ ನಗರದ ಸ್ವಾತಂತ್ರ್ಯ ಚೌಕದ ಪ್ರಾಂತೀಯ ಆಡಳಿತ ಕಟ್ಟಡಕ್ಕೆ ನುಗ್ಗಿ ಪ್ರತ್ಯೇಕ ಗಣರಾಜ್ಯ ಘೋಷಿಸಿತು. ಎರಡು ದಿನದೊಳಗೆ ವಿಶೇಷ ಪೊಲೀಸರು ಅದನ್ನು ಬಿಡಿಸಿಕೊಂಡರು. ದೊನೆತ್ಸ್ಕ್, ಲುಹಾನ್ಸ್ಕ್‌ಗಳಲ್ಲಿ ಹಾಗಾಗಲಿಲ್ಲ, ಅಲ್ಲಿ ಯುದ್ಧವೇ ಶುರುವಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಚೌಕದ ಲೆನಿನ್ ಪ್ರತಿಮೆಯನ್ನು ಜನ ಉರುಳಿಸಿದರು. ಅಜ್ಜಿಗೆ ಅದು ಸರಿಬರಲಿಲ್ಲ. ಮದುವೆಯ ದಿನ ಗಂಡನ ಜೊತೆ ಅದರ ಬುಡದಲ್ಲಿ ಹೂವಿಟ್ಟು ಬಂದಿದ್ದರಂತೆ. ಕೀವ್‌ನ ರಾಜಕಾರಣಿಗಳ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. "ನನ್ನ ಭಾಷೆ ರಷ್ಯನ್, ನನ್ನ ತಂಗಿ ರಷ್ಯಾದಲ್ಲಿದ್ದಾಳೆ. ನನ್ನನ್ನು ಯಾರಿಂದ ಕಾಪಾಡಲು ಬಂದಿದ್ದಾರೆ ಇವರು?" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ತಂಗಿ ಇದ್ದದ್ದು ಬೆಲ್ಗೊರೊದ್‌ನಲ್ಲಿ. ಗಡಿಯಾಚೆ, ಖಾರ್ಕಿವ್‌ನಿಂದ ನೂರು ಕಿಲೋಮೀಟರ್ ಕೂಡ ಇಲ್ಲ. ಐದನೇ ದಿನ ಬೆಳಿಗ್ಗೆ ಅಜ್ಜಿಯ ಮಾತ್ರೆ ತರಲು ಇಬ್ಬರೂ ಮನೆಗೆ ಹೋದೆವು. ಅಲ್ಲಿಂದ ಅವರು ತಂಗಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. ಊರಿನ ಮೇಲೆ ಯಾರೂ ಬಾಂಬು ಹಾಕುತ್ತಿಲ್ಲ, ಸೈನ್ಯದ ನೆಲೆಗಳಿಗೆ ಮಾತ್ರ ಹೊಡೆಯುತ್ತಿದ್ದಾರೆ, ಟಿವಿಯಲ್ಲಿ ತೋರಿಸಿದರು ಎಂದು ತಂಗಿ ಹೇಳುತ್ತಿದ್ದರು. ಅಜ್ಜಿ ವಾದ ಮಾಡಲಿಲ್ಲ. ಬಾಲ್ಕನಿಯ ಬಾಗಿಲು ತೆರೆದು ಫೋನನ್ನು ಹೊರಗೆ ಚಾಚಿ ಹಿಡಿದರು. ತೋಳು ನಡುಗುತ್ತಿತ್ತು. ಇನ್ನೊಂದು ಕೈಯಿಂದ ಆ ತೋಳನ್ನು ಹಿಡಿದುಕೊಂಡರು. ಎರಡು ಸದ್ದು ಬಂತು, ಎರಡನೆಯದು ಹತ್ತಿರದಲ್ಲಿ. ಫೋನನ್ನು ಒಳಗೆ ತಂದಾಗ ತಂಗಿ ಅಂದರು: "ಅದು ನಿಮ್ಮವರೇ ಹೊಡೀತಿರೋದು." ಅಜ್ಜಿ ಫೋನ್ ಕಟ್ ಮಾಡಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಮಾತ್ರೆ ಹುಡುಕತೊಡಗಿದರು. ಮಾತ್ರೆ ಮೇಜಿನ ಮೇಲೆ ಅವರ ಕಣ್ಣೆದುರಿಗೇ ಇತ್ತು. ಎತ್ತಿ ಕೈಗೆ ಕೊಟ್ಟೆ. "ದ್ಯಾಕುಯು" ಅಂದರು. ಉಕ್ರೇನಿಯನ್‌ನಲ್ಲಿ ಥ್ಯಾಂಕ್ಸ್. ಅಲ್ಲಿಯವರೆಗೆ ನನ್ನ ಹತ್ತಿರ ಅವರು 'ಸ್ಪಾಸಿಬೊ' ಅಂತಲೇ ಅನ್ನುತ್ತಿದ್ದರು.

ಮಾರ್ಚ್ 1ರ ಬೆಳಿಗ್ಗೆ ಎಂಟರ ಹೊತ್ತಿಗೆ ಚೌಕದ ಅದೇ ಆಡಳಿತ ಕಟ್ಟಡಕ್ಕೆ ಕ್ಷಿಪಣಿ ಬಿತ್ತು. ಅದೇ ಬೆಳಿಗ್ಗೆ ದಿನಸಿ ತರಲು ಹೋಗಿದ್ದ, ನಮ್ಮ ಕರ್ನಾಟಕದವನೇ ಆದ ಮೆಡಿಕಲ್ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಯಲ್ಲಿ ತೀರಿಕೊಂಡ. ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಬಂತು. ಮನೆಯಿಂದ ಒಂದೇ ಸಮ ಫೋನ್. ಅಮ್ಮ "ನೀನೇ ಮಾತಾಡ್ತಿರೋದಾ?" ಅಂತ ಮೂರು ಸಲ ಕೇಳಿದಳು.

ಮಾರ್ಚ್ 2ರಂದು ಹೊರಟೆವು. ಅಜ್ಜಿಯನ್ನೂ ಕರೆದೆವು, ಬರುವುದಿಲ್ಲ ಅಂದರು. ರೂಮಿನ ಕೀಲಿ, ಐದು ಕಿಲೋ ಅಕ್ಕಿ, ನನ್ನ ರಜಾಯಿ ಅವರಿಗೆ ಕೊಟ್ಟೆ. ರೈಲ್ವೆ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು, ಮಕ್ಕಳು ಮೊದಲು. ನಮಗೆ ಹತ್ತಲಾಗಲಿಲ್ಲ. ಮಧ್ಯಾಹ್ನ ರಾಯಭಾರ ಕಚೇರಿಯ ಸೂಚನೆ ಬಂತು: ಸಂಜೆ ಆರರೊಳಗೆ ಖಾರ್ಕಿವ್ ಬಿಡಿ, ವಾಹನ ಸಿಗದಿದ್ದರೆ ನಡೆದೇ ಹೋಗಿ. ಹತ್ತಿರದ ಊರು ಪೆಸೊಚಿನ್, 11 ಕಿಲೋಮೀಟರ್. ನಡೆದೆವು. ಎದೆ ಮಟ್ಟಕ್ಕೆ ತ್ರಿವರ್ಣ ಧ್ವಜ ಹಿಡಿದು ಒಬ್ಬ ಮುಂದೆ ನಡೆದ. ದಾರಿಯುದ್ದಕ್ಕೂ ಯಾರೂ ಹೆಚ್ಚು ಮಾತಾಡಲಿಲ್ಲ. ಹುಡುಗಿಯೊಬ್ಬಳ ಟ್ರಾಲಿಯ ಚಕ್ರ ಕಿತ್ತುಬಂತು. ಅವಳು ಅದರೊಳಗಿಂದ ಪುಸ್ತಕ ತೆಗೆದು ರಸ್ತೆ ಪಕ್ಕ ಜೋಡಿಸಿಟ್ಟು ಬಂದಳು.

ಪೆಸೊಚಿನ್‌ನಲ್ಲಿ ನೂರಾರು ಮಂದಿ ಒಟ್ಟಿಗಿದ್ದೆವು. ದಿನಕ್ಕೊಂದು ಬಟ್ಟಲು ಸೂಪು ಸಿಗುತ್ತಿತ್ತು. 5ರಂದು ಬಸ್ಸು ಬಂತು. ಪಶ್ಚಿಮದ ಗಡಿ ಮುಟ್ಟಿ ಪೋಲೆಂಡಿಗೆ ದಾಟುವವರೆಗೆ ಬೂಟು ಬಿಚ್ಚಲಿಲ್ಲ. ಅಲ್ಲಿ ಒಬ್ಬ ಹೆಂಗಸು ಬಿಸಿ ಚಹಾದ ಲೋಟವನ್ನು ಕೈಗಿಟ್ಟು, ನನ್ನ ಬೆರಳುಗಳನ್ನು ಅದರ ಸುತ್ತ ಮಡಚಿದರು. ಬೆರಳಿಗೆ ಸ್ಪರ್ಶ ತಿಳಿಯುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಅಜ್ಜಿಗೆ ರಷ್ಯನ್‌ನಲ್ಲಿ ಮೆಸೇಜು ಹಾಕುತ್ತಲೇ ಇದ್ದೆ. ಉತ್ತರ ಬರಲಿಲ್ಲ. ಆನ್‌ಲೈನ್ ಕ್ಲಾಸು ಶುರುವಾದವು. ಪಾಠ ಮಾಡುವ ಮೇಡಂ ಸೈರನ್ ಆದಾಗ ಕ್ಯಾಮೆರಾ ಆರಿಸಿ ಹೋಗುತ್ತಿದ್ದರು. ಮತ್ತೆ ಬರುವ ತನಕ ನಾವು ಕಾಯುತ್ತಿದ್ದೆವು.

ಏಪ್ರಿಲ್ ಕೊನೆಗೆ ಅಜ್ಜಿಯ ಉತ್ತರ ಬಂತು. ಉಕ್ರೇನಿಯನ್‌ನಲ್ಲಿತ್ತು. ಅರ್ಧ ಅರ್ಥವಾಯಿತು, ಉಳಿದದ್ದನ್ನು ಮೊಬೈಲಿನಲ್ಲಿ ಅನುವಾದ ಮಾಡಿಕೊಂಡು ಓದಿದೆ. ನಿಮ್ಮ ರೂಮಿನ ಗಾಜೆಲ್ಲ ಹೋಗಿದೆ, ಪ್ಲೈವುಡ್ ಹೊಡೆಸಿದ್ದೇನೆ. ಪುಸ್ತಕ ನೆನೆದಿಲ್ಲ. ಅಕ್ಕಿ ಮುಗಿಯಿತು. ರಜಾಯಿ ಹೊದೆಯುತ್ತಿದ್ದೇನೆ. ಕೀಲಿ ನನ್ನ ಹತ್ತಿರ ಇದೆ.