ಲೇಬಲ್ ಮೇಲೆ ಎಷ್ಟು ಕೆ.ಜಿ.?

ಜನವರಿ 8, 2025, ಬುಧವಾರ

ನಮ್ಮ ಐಸ್ ಯಂತ್ರ ತಯಾರಿಕೆಗೆ ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿ ಮುಗಿಯಿತು. ಆಧಾರ್, ಪ್ಯಾನ್ ನಂಬರ್ ತುಂಬಿಸಿ ಕೂತ ಜಾಗದಲ್ಲೇ ಆಗುವ ಕೆಲಸ, ಕಾಸಿಲ್ಲ. ಬೆಂಗಳೂರಿನ ಕಾಮಾಕ್ಷಿಪಾಳ್ಯದ ಶೆಡ್ಡಿನ ಬಾಡಿಗೆ ಮಾತು ಮುಗಿಯಲು ಮಾತ್ರ ಎಂಟು ವಾರ ಹಿಡಿಯಿತು. ಹೆಂಡತಿ ಗಾಂಧಿಬಜಾರಿನಿಂದ ಮಲ್ಲಿಗೆ ತಂದು ಕಂಪ್ರೆಸರಿಗೆ ಮುಡಿಸಿದಳು. ಹೂವು ಮುಡಿದ ಕಂಪ್ರೆಸರ್ ನೋಡಿ ಭಾವಮೈದನಿಗೆ ನಗು.

ಅಪ್ಪ ಚಾಮರಾಜಪೇಟೆಯಲ್ಲಿ ಮೂವತ್ತು ವರ್ಷ ಫ್ರಿಜ್ ರಿಪೇರಿ ಮಾಡಿದವರು. ಮದುವೆಮನೆಗೆ ಗೋಣಿಚೀಲದಲ್ಲಿ, ಮರದ ಹೊಟ್ಟಿನೊಳಗೆ ಐಸ್‌ಗಡ್ಡೆ ಬರುತ್ತಿದ್ದ ಕಾಲ. ಅದರ ನಡುವೆ ಯಾಕೆ ಬೆಳ್ಳಗೆ ಅಂತ ನಾನು ಕೇಳಿದ್ದಕ್ಕೆ, “ಓಡೋಕೆ ದಾರಿ ಸಿಗದ ಗಾಳಿ ಕಣೋ ಅದು” ಅಂದಿದ್ದರು. ನಮ್ಮ ಯಂತ್ರದಲ್ಲಿ ನಿಂತ ತಣ್ಣನೆ ತಗಡಿನ ಮೇಲೆ ನೀರು ಹರಿಯುತ್ತಲೇ ಹೆಪ್ಪುಗಟ್ಟುತ್ತದೆ, ಗಾಳಿ ತಪ್ಪಿಸಿಕೊಳ್ಳುತ್ತದೆ, ಐಸ್ ಗಾಜಿನ ಹಾಗೆ ಬರುತ್ತದೆ. ಅಪ್ಪ ನೋಡಬೇಕಿತ್ತು.

ಫೆಬ್ರವರಿ 11, ಮಂಗಳವಾರ

ಯಂತ್ರವನ್ನು ತಣ್ಣಗಾಗಿಸುವ ಗ್ಯಾಸ್ ಯಾವುದು ಅಂತ ಇಡೀ ದಿನ ಜಗಳ. ಮೆಕ್ಯಾನಿಕ್‌ಗೆ ಆರ್-404ಎ ಕೈಗೆ ಹತ್ತಿದ್ದು. ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 3,900 ಪಟ್ಟು ಮುಂದು. ಕಿಗಾಲಿ ಒಪ್ಪಂದಕ್ಕೆ ಭಾರತ 2021ರಲ್ಲೇ ಒಪ್ಪಿಗೆ ಕೊಟ್ಟಾಗಿದೆ, ಇಂಥ ಗ್ಯಾಸುಗಳು ಹಂತಹಂತವಾಗಿ ಇಳಿಯಲೇಬೇಕು. ಇವತ್ತು ಶುರುಮಾಡುವವನು ಆ ದಾರಿ ಯಾಕೆ ಹಿಡಿಯಬೇಕು? ನನ್ನ ಆಯ್ಕೆ ಆರ್-290, ಅಂದರೆ ಪ್ರೊಪೇನ್.

“ಸಾರ್, ಅಡುಗೆ ಗ್ಯಾಸ್ ಥರದ್ದು ಅದು. ಹೊತ್ಕೊಂಡ್ರೆ?”

ನಮ್ಮ ಯಂತ್ರಕ್ಕೆ ಹಿಡಿಯುವುದು 150 ಗ್ರಾಮಿಗಿಂತ ಕಡಿಮೆ, ನಿಮ್ಮ ಮನೆ ಸಿಲಿಂಡರಿನಲ್ಲಿ 14.2 ಕೆ.ಜಿ. ಇರುತ್ತದೆ ಅಂದೆ.

“ಅದನ್ನ ಕಂಪನಿಯವ್ರು ತುಂಬ್ತಾರೆ ಸಾರ್. ಇದನ್ನ ನಾನು ತುಂಬ್ಬೇಕು.”

ಮಾತು ಸರಿ. ಗ್ಯಾಸ್ ತುಂಬುವ ಜಾಗವನ್ನು ಬ್ರೇಜಿಂಗ್ ಮೇಜಿನಿಂದ ದೂರ, ಬಾಗಿಲ ಪಕ್ಕಕ್ಕೆ ಹಾಕಿದೆವು. ನೆಲಮಟ್ಟದಲ್ಲಿ ಎಕ್ಸಾಸ್ಟ್ ಫ್ಯಾನ್ ಕೂಡ. ಪ್ರೊಪೇನ್ ಗಾಳಿಗಿಂತ ಭಾರ, ಕೆಳಗೇ ಕೂರುತ್ತದೆ.

ಮಾರ್ಚ್ 19, ಬುಧವಾರ

24 ಗಂಟೆ ಓಡಿಸಿ ತೂಗಿದೆವು. ದಿನಕ್ಕೆ 50 ಕೆ.ಜಿ. ಬರಬೇಕಾದ ಯಂತ್ರ. ಬಂದದ್ದು 36.

ಭಾವಮೈದ ಮೊದಲು ತಕ್ಕಡಿಯನ್ನು ಬೈದ, ಆಮೇಲೆ ಕಂಪ್ರೆಸರನ್ನು. ಸರದಿ ನನ್ನವರೆಗೆ ಬರುವ ಮೊದಲೇ ನಾನು ಶೆಡ್ಡಿನ ಮಾಳಿಗೆಯ ಟ್ಯಾಂಕಿಗೆ ಥರ್ಮಾಮೀಟರ್ ಇಳಿಬಿಟ್ಟೆ. 31 ಡಿಗ್ರಿ. ನಾವು 50 ಅಂತ ಲೆಕ್ಕ ಹಾಕಿದ್ದು 10 ಡಿಗ್ರಿ ನೀರಿಗೆ, 21 ಡಿಗ್ರಿ ಗಾಳಿಗೆ. ಪರದೇಶದ ಕ್ಯಾಟಲಾಗಿನಿಂದ ಎತ್ತಿಕೊಂಡ ಅಂಕಿ.

ಬಸವನಗುಡಿಯ ನ್ಯಾಷನಲ್ ಕಾಲೇಜಿನ ಗುಪ್ತೋಷ್ಣದ ಪಾಠ ನೆನಪಾಯಿತು. ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯನವರು ಆಗ ನಿವೃತ್ತರಾಗಿದ್ದರೂ ಹಾಸ್ಟೆಲಿನ ಕೋಣೆಯಲ್ಲೇ ಇದ್ದರು. ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿ ಅನ್ನುತ್ತಿದ್ದವರ ಅಂಗಳದಲ್ಲಿ ಓದಿಯೂ ಕ್ಯಾಟಲಾಗನ್ನು ನಂಬಿದೆನಲ್ಲ! ಒಂದು ಗ್ರಾಂ ನೀರು ಸೊನ್ನೆ ಡಿಗ್ರಿಯಲ್ಲಿ ಐಸಾಗಲು 80 ಕ್ಯಾಲೊರಿ ತೆಗೆಯಬೇಕು. ಅದಕ್ಕೆ ಮೊದಲು ಅದನ್ನು ಸೊನ್ನೆಗೆ ಇಳಿಸಬೇಕು. 10 ಡಿಗ್ರಿ ನೀರಾದರೆ ಒಟ್ಟು 90, ನಮ್ಮ ಟ್ಯಾಂಕಿನದಕ್ಕೆ 111. ಅಷ್ಟರಲ್ಲೇ 50 ಇದ್ದದ್ದು 40ಕ್ಕೆ ಬಂತು. ಮಿಕ್ಕ ನಾಲ್ಕು ಕೆ.ಜಿ. ತಿಂದದ್ದು ಶೆಡ್ಡಿನ ಬಿಸಿಗಾಳಿ. ಯಂತ್ರದ ತಪ್ಪಿಲ್ಲ.

ಮಾರ್ಚ್ 24, ಸೋಮವಾರ

ಮಾರ್ಕೆಟ್ ಹತ್ತಿರದ ಹೋಲ್‌ಸೇಲ್ ವ್ಯಾಪಾರಿಯ ಅಂಗಡಿ. ಕಾಫಿ ತರಿಸಿದರು, ಐಸನ್ನು ಬೆಳಕಿಗೆ ಹಿಡಿದು ನೋಡಿದರು, ಇಪ್ಪತ್ತು ಯಂತ್ರ ಬೇಕು ಅಂದರು. ನನ್ನ ಎದೆ ಹಾರಿತು. ಆಮೇಲೆ ಮೂರು ತಿಂಗಳ ಸಾಲ ಅಂದರು. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆಯೇ ಇದೆಯಲ್ಲ ಸಾರ್ ಅಂದೆ. ಅವರು ಬೇಜಾರಿಲ್ಲದೆ ನಕ್ಕರು. ಅರವತ್ತು ದಿನಕ್ಕೆ ಇಳಿದರು.

“ಅದಿರ್ಲಿ, ಲೇಬಲ್ ಮೇಲೆ 36 ಅಂತ ಯಾರಾದ್ರೂ ಬರೀತಾರಾ? 50 ಅಂತ ಹಾಕಿ. ಎಲ್ರೂ ಹಾಕೋದು ಹಾಗೇ. ಗಿರಾಕಿ ತೂಕ ಹಾಕ್ತಾನಾ?”

ವಾಪಸ್ಸು ಬರುವಾಗ ಇಪ್ಪತ್ತು ಇಂಟು ಎಷ್ಟು ಅಂತ ಲೆಕ್ಕ ಹಾಕುತ್ತಲೇ ಇದ್ದೆ. ನಾಚಿಕೆಯೂ ಆಯಿತು, ಲೆಕ್ಕವೂ ನಿಲ್ಲಲಿಲ್ಲ.

ಮಾರ್ಚ್ 29, ಶನಿವಾರ

ಸಜ್ಜನರಾವ್ ಸರ್ಕಲ್ ಬಳಿ ಜ್ಯೂಸ್ ಅಂಗಡಿಗೆ ಪರೀಕ್ಷೆಗೆ ಕೊಟ್ಟ ಯಂತ್ರ ನೋಡಿ ಬಂದೆ. ಅಲ್ಲಿ ಬೋರ್‌ವೆಲ್ ನೀರು. ತಗಡಿನ ಮೇಲೆ ಕುಕ್ಕರಿನ ತಳದಂಥ ಬಿಳಿ ಪೊರೆ. ನೀರು ಹೆಪ್ಪುಗಟ್ಟುವಾಗ ಲವಣವನ್ನು ಹೊರಗೆ ತಳ್ಳುತ್ತದೆ, ತಳದ ತೊಟ್ಟಿಯ ನೀರು ಸುತ್ತು ಸುತ್ತಿಗೂ ಗಡುಸಾಗುತ್ತದೆ. ಆಗಾಗ ಚೆಲ್ಲಲೇಬೇಕು. ಹೋದ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೂತವರಿಗೆ ನೀರು ಚೆಲ್ಲಿ ಅಂತ ಹೇಗೆ ಹೇಳಲಿ? ಅಂಗಡಿ ಹುಡುಗನೇ ದಾರಿ ತೋರಿಸಿದ: ಆ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ತೊಳೆಯುತ್ತಿದ್ದಾನೆ.

ಏಪ್ರಿಲ್ 6, ಭಾನುವಾರ, ರಾಮನವಮಿ

ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯವರ ಸಂಗೀತೋತ್ಸವ, 1939ರಿಂದ ಬಂದದ್ದು. ನಮ್ಮದು ಬೀದಿಯ ಪುಟ್ಟ ಚಪ್ಪರ: ಪಾನಕ, ಮಜ್ಜಿಗೆ, ಕೋಸಂಬರಿ. ಒಂದು ಯಂತ್ರ ಅಲ್ಲಿಟ್ಟೆ. “ರಾಮದೇವರಿಗೆ ಐಸ್ ಯಾಕೋ, ಮಡಕೆ ನೀರು ಸಾಲದಾ?” ಅಂದರು ಅಮ್ಮ. ಅಂದವರೇ ಎರಡು ಲೋಟ ತಣ್ಣನೆ ಪಾನಕ ಕುಡಿದರು.

ಚಪ್ಪರದ ಉಸ್ತುವಾರಿಯವರು ನಿನ್ನೆಯೇ ಕೇಳಿದ್ದರು, “ಎಷ್ಟು ಕೊಡುತ್ತಪ್ಪಾ ಇದು?” ಬಾಯಿಗೆ ಬಂದದ್ದು 36. ಇವತ್ತು ಸಾಯಂಕಾಲ ನಾಲ್ಕಕ್ಕೆ ಯಂತ್ರದ ಪೆಟ್ಟಿಗೆ ಖಾಲಿಯಾಗಿ ನಾನು ಬೆವರುತ್ತಿದ್ದರೆ, ಅವರು ಆಟೋದಿಂದ ಒಂದು ಐಸ್‌ಗಡ್ಡೆ ಇಳಿಸುತ್ತಿದ್ದರು. “ನೀನು ಹೇಳಿದ್ಯಲ್ಲ, ಲೆಕ್ಕ ಹಾಕಿ ಬೆಳಿಗ್ಗೇನೇ ಹೇಳಿಟ್ಟಿದ್ದೆ.”

ಗಡ್ಡೆಯ ನಡುವೆ ಅದೇ ಬಿಳಿ. ಒಡೆಯುವ ಮೊದಲು ತಿನ್ನುವ ಐಸೇ ತಾನೆ ಅಂತ ಕೇಳಿದೆ. ಸಾಮಾನು ಕೆಡದಿರಲು ಬಳಸುವ ಐಸಿಗೆ ನೀಲಿ ಬಣ್ಣ ಹಾಕಬೇಕು ಅನ್ನುವ ನಿಯಮ 2018ರಿಂದ ಇದೆ. ಇದಕ್ಕೆ ಬಣ್ಣ ಇರಲಿಲ್ಲ, ಬಿಲ್ಲೂ ಇತ್ತು.

ಏಪ್ರಿಲ್ 8, ಮಂಗಳವಾರ

ಹೋಲ್‌ಸೇಲಿನವರಿಗೆ ಫೋನ್ ಮಾಡಿ 36 ಅಂತಲೇ ಹಾಕುತ್ತೇನೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಮೂರು ಕಳಿಸಿ, ನೋಡೋಣ” ಅಂದರು.

ಸುಲ್ತಾನ್‌ಪೇಟೆಯ ಪ್ರೆಸ್ಸಿನಲ್ಲಿ ಲೇಬಲ್ ಬರೆದುಕೊಟ್ಟೆ: ದಿನಕ್ಕೆ 36 ಕೆ.ಜಿ., ಕೆಳಗೆ ನೀರು 31 ಡಿಗ್ರಿ. ಪ್ರೆಸ್ಸಿನವನು ಎರಡು ಸಲ ಓದಿದ. “ನಂಬರ್ ಇಷ್ಟು ದಪ್ಪಕ್ಕೇ ಬೇಕಾ ಸಾರ್?” ಕನಿಷ್ಠ ನೂರು ಲೇಬಲ್ ಹಾಕಿಸಬೇಕಂತೆ. ಆರ್ಡರ್ ಇರುವುದು ಮೂರು. ನೂರೇ ಹಾಕಿ ಅಂದೆ.